ಹಕ್ಕಿಗೆ ಎಮರ್ಜೆನ್ಸಿ ಬಂದ್ರೆ ಯಾರಿಗೆ ಫೋನ್ ಮಾಡೋದು?

ಹೋದ ಸಲ ಈ ಅಂಕಣದಲ್ಲಿ ಬಡ್ಜಿಗೆ (ಬಡ್ಜೆರಿಗಾರ್ ಅನ್ನೋ ಪುಟ್ಟ ಸಾಕುಗಿಳಿಗೆ) ನವಣೆ ಹಾಕೋದಾ ಸಜ್ಜೆ ಹಾಕೋದಾ ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಊಟದ ಮಾತು ಎಲ್ಲೋ ಒಂದೆರಡು, ಮಿಕ್ಕಿದ್ದೆಲ್ಲಾ "ರಾತ್ರಿ ಹಿಂಗಾಯ್ತು ಸಾರ್, ನಾವೇನು ಮಾಡ್ಬೇಕಿತ್ತು" ಅನ್ನೋವೇ. ಹಂಗಾಗಿ ಈ ಸಲ ಪೂರ್ತಿ ಅದೇ ವಿಷಯ. ಮೊದ್ಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, 20 ವರ್ಷದಿಂದ ಮನೇಲಿ ಹಕ್ಕಿ ಸಾಕ್ತಿರೋನು, ಅಷ್ಟೇ ಅಲ್ಲ, ನನ್ನ ತಪ್ಪಿಂದಲೇ ಕಳ್ಕೊಂಡಿರೋನೂ ಹೌದು.

ಪ್ರಶ್ನೆ: ನಮ್ಮ ಬಡ್ಜಿ ಜೋಡೀಲಿ ಗಂಡಿಗೆ ರಾತ್ರಿ ಹತ್ತೂವರೆಗೆ ರೆಕ್ಕೆಯಿಂದ ರಕ್ತ ಬರೋಕೆ ಶುರುವಾಯ್ತು. ನಮ್ಮತ್ತೆ ಕಾಫಿಪುಡಿ ಮೆತ್ತಿದ್ರು. ಗೊತ್ತಿದ್ದ ನಾಲ್ಕು ಡಾಕ್ಟರಿಗೆ ಫೋನ್ ಮಾಡಿದ್ವಿ, ಇಬ್ರು ಎತ್ತಲಿಲ್ಲ, ಒಬ್ರು ನಾಯಿ ಆಗಿದ್ರೆ ತನ್ನಿ ಅಂದ್ರು, ಇನ್ನೊಬ್ರು ನಕ್ಕುಬಿಟ್ರು. ಬೆಳಗಿನ ಜಾವ ಹೋಗ್ಬಿಡ್ತು. ಹೆಣ್ಣು ಇನ್ನೂ ಐತೆ. ಮತ್ತೆ ಹಿಂಗೇ ಆದ್ರೆ ಏನ್ ಮಾಡ್ಲಿ?
– ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಅಕ್ಕಾ, ಮೊದ್ಲು ಒಂದು ಲೆಕ್ಕ ಹೇಳ್ತೀನಿ, ಆಮೇಲೆ ನಿಮ್ಮನ್ನ ನೀವು ಬೈಕೊಳ್ಳೋದು ಕಮ್ಮಿಯಾಗ್ಬಹುದು. ಬಡ್ಜಿ ತೂಗೋದೇ 30–35 ಗ್ರಾಂ, ಅದರ ಮೈಯಲ್ಲಿರೋ ರಕ್ತ ತೂಕದ ಹತ್ತನೇ ಒಂದು ಪಾಲು ಅಂದ್ರೆ ಸುಮಾರು 3 ಎಂಎಲ್, ಒಂದು ಟೀ ಚಮಚ ತುಂಬಲ್ಲ. ನಮಗೆ "ನಾಲ್ಕು ಹನಿ ಅಷ್ಟೇ" ಅನ್ಸೋದು ಅದಕ್ಕೆ ದೊಡ್ಡ ಲುಕ್ಸಾನು. ಫೋನ್ ಹಚ್ಚಿ ಅವರು ಎತ್ತೋದನ್ನ ಕಾಯೋ ಹೊತ್ತಲ್ಲೇ ಮುಗಿದುಹೋಗುತ್ತೆ, ಅದಕ್ಕೇ ಮೊದಲು ಕೈ, ಆಮೇಲೆ ಫೋನು.

ಕೈ ಅಂದ್ರೆ ಏನು. ತೆಳ್ಳನೆ ಟವೆಲ್ಲಲ್ಲಿ ಹಕ್ಕೀನ ಸಡಿಲವಾಗಿ ಹಿಡ್ಕೊಳ್ಳಿ, ಎದೆ ಮಾತ್ರ ಅಮುಕಬೇಡಿ, ಹಕ್ಕಿಗಳಿಗೆ ನಮ್ಮ ಥರ ಉಸಿರಾಡಿಸೋ ವಪೆ (ಡಯಾಫ್ರಂ) ಇಲ್ಲ, ಎದೆಗೂಡು ಮುಂದೆ ಹಿಂದೆ ಆಡಿದ್ರೇನೇ ಉಸಿರು, ನೀವು ಪ್ರೀತಿಯಿಂದ ಬಿಗಿಯಾಗಿ ಹಿಡಿದ್ರೂ ಅದು ಉಸಿರುಕಟ್ಟಿ ಸಾಯುತ್ತೆ. ಉಗುರು ಮುರಿದು ರಕ್ತ ಬರ್ತಿದ್ರೆ ಕಾರ್ನ್‌ಫ್ಲೋರ್ ಇಲ್ಲಾ ಮೈದಾ ಚಿಟಿಕೆ ತಗೊಂಡು ಒತ್ತಿ ಹಿಡೀರಿ. ರೆಕ್ಕೇಲಿ ಹೊಸದಾಗಿ ಬರೋ ಗರಿ ಇರುತ್ತಲ್ಲ, ಅದರೊಳಗೆ ರಕ್ತ ತುಂಬಿರುತ್ತೆ, ಕಂಬಿಗೆ ತಗುಲಿ ಅದು ಮುರಿದ್ರೆ ನಿಮ್ಮನೇಲಿ ಆದ ಹಾಗೇ ಆಗೋದು, ಬಹುಶಃ ನಿಮ್ಮದೂ ಅದೇ ಇರ್ಬೇಕು. ಅಲ್ಲಿ ಗಾಜ್ ಬಟ್ಟೆ ಮಡಚಿ ಎರಡು ಮೂರು ನಿಮಿಷ ಬಿಡದೇ ಒತ್ತಿ ಹಿಡೀಬೇಕು, ನಿಂತಿತಾ ಅಂತ ಅರ್ಧ ನಿಮಿಷಕ್ಕೊಂದ್ಸಲ ತೆಗೆದು ನೋಡ್ತಾ ಕೂತ್ರೆ ಹೆಪ್ಪುಗಟ್ಟಿದ್ದೂ ಕಿತ್ತು ಬರುತ್ತೆ. ಕಾಫಿಪುಡಿ ವಿಷಯ, ನಿಮ್ಮತ್ತೆಯವರನ್ನ ಬೈಬೇಡಿ, ನಮ್ಮ ಕಡೆ ಬೆರಳು ಕೊಯ್ಕೊಂಡ್ರೆ ಎಲ್ಲಾರ ಮನೇಲೂ ಅದೇ ಔಷಧಿ. ಆದ್ರೆ ಹಕ್ಕಿ ತನ್ನ ಗರೀನ ಕೊಕ್ಕಲ್ಲಿ ತೀಡಿಕೊಳ್ಳುತ್ತೆ, ಮೆತ್ತಿದ್ದೆಲ್ಲಾ ಹೊಟ್ಟೆಗೆ ಹೋಗುತ್ತೆ, ಕಾಫಿಯೊಳಗಿನ ಕೆಫೀನ್ ಅದಕ್ಕೆ ವಿಷ. ಅರಿಶಿನನೂ ಬೇಡ, ಮುಲಾಮೂ ಬೇಡ, ಎಣ್ಣೆ ಜಿಡ್ಡಿನ ಪದಾರ್ಥ ಗರಿಗೆ ಮೆತ್ತಿಕೊಂಡ್ರೆ ಮೈ ಬೆಚ್ಚಗಿಟ್ಕೊಳ್ಳೋಕೆ ಆಗಲ್ಲ.

ರಕ್ತ ನಿಂತ ಮೇಲೆ ಬೆಚ್ಚಗೆ, ಕತ್ತಲಾಗಿ, ಸದ್ದಿಲ್ಲದೆ ಇಡಬೇಕು. ಚಪ್ಪಲಿ ಬಾಕ್ಸ್ ಸಾಕು, ತೂತು ಮಾಡಿ, ತಳಕ್ಕೆ ಟವೆಲ್ ಹಾಕಿ, ಒಂದು ಪಕ್ಕಕ್ಕೆ ಮಾತ್ರ ಬಿಸಿನೀರಿನ ಬಾಟಲಿ ಬಟ್ಟೆ ಸುತ್ತಿ ಇಡಿ. ಒಳಗೆ 30 ಡಿಗ್ರಿ ಹತ್ರ ಇದ್ರೆ ಸರಿ. ಒಂದೇ ಪಕ್ಕ ಯಾಕಂದ್ರೆ ಸೆಕೆ ಆದ್ರೆ ಅದೇ ಈ ಕಡೆ ಸರಿದುಕೊಳ್ಳಲಿ ಅಂತ. ಆಮೇಲೆ ಇನ್ನೊಂದು, ಬಾಯಿಗೆ ನೀರು ಬಿಡೋಕೆ ಹೋಗ್ಬೇಡಿ. ಸುಸ್ತಾದ ಹಕ್ಕಿ ಕಂಡ್ರೆ ನಮ್ಮ ಜನಕ್ಕೆ ಮೊದಲು ಹೊಳೆಯೋದೇ ಗುಟುಕು ನೀರು, ಆದ್ರೆ ಅದರ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೇನೇ ಇರುತ್ತೆ, ನೀರು ಸೀದಾ ಶ್ವಾಸಕೋಶಕ್ಕೆ. ಪ್ಯಾರಾಸಿಟಮಾಲ್ ಅರೆದು ಕೊಡೋ ಸಾಹಸ ಅಂತೂ ಬೇಡ್ವೇ ಬೇಡ.

ಈಗ ಫೋನಿನ ವಿಷಯ. ನಮ್ಮ ಊರುಗಳ ಕಷ್ಟ ಏನಂದ್ರೆ ಇಲ್ಲಿ ಹೆಚ್ಚಿನ ಪಶುವೈದ್ಯರು ದನ, ಎಮ್ಮೆ, ಕುರಿ ನೋಡೋರು, ಈಚೆಗೆ ನಾಯಿ ಬೆಕ್ಕು ನೋಡೋರೂ ಆಗಿದ್ದಾರೆ, ಹಕ್ಕಿ ಅಂದ್ರೆ ಅವರಿಗೆ ಕೋಳಿ. 1962 ಪಶುಸಂಜೀವಿನಿ ನಂಬರ್ ಇದೆ, ಅದೂ ಮುಖ್ಯವಾಗಿ ಜಾನುವಾರಿಗೆ. ಹಂಗಾಗಿ ಹಕ್ಕಿ ಚೆನ್ನಾಗಿರೋ ದಿನಾನೇ, ಒಂದು ಸಾಮಾನ್ಯ ಮಂಗಳವಾರ ಬೆಳಿಗ್ಗೆ ಅಂತಿಟ್ಕೊಳ್ಳಿ, ಅದನ್ನ ಡಬ್ಬೀಲಿ ಹಾಕ್ಕೊಂಡು ನಿಮ್ಮೂರಿನ ಎರಡು ಮೂರು ಡಾಕ್ಟರ ಹತ್ರ ಹೋಗಿ ತೋರಿಸಿ. ಯಾರು ಹಕ್ಕೀನ ಹಿಡಿಯೋ ರೀತೀಲಿ ಹಿಡೀತಾರೆ, ಯಾರು ತೂಕ ಕೇಳ್ತಾರೆ, ರಾತ್ರಿ ಫೋನ್ ಮಾಡಿದ್ರೆ ಎತ್ತುತೀರಾ ಅಂತ ಮುಖಾಮುಖಿ ಕೇಳಿದ್ರೆ ಯಾರು ಮುಖ ಸಿಂಡರಿಸಲ್ಲ, ಐದು ನಿಮಿಷದಲ್ಲಿ ಗೊತ್ತಾಗಿಬಿಡುತ್ತೆ. ಯಾರೂ ಸಿಗಲಿಲ್ಲ ಅಂದ್ರೆ ಶಿವಮೊಗ್ಗದಲ್ಲಿ ವೆಟರ್ನರಿ ಕಾಲೇಜಿದೆ, ದೊಡ್ಡ ಕೇಸ್ ಆದ್ರೆ ಬೆಂಗಳೂರಿನ ಹೆಬ್ಬಾಳದ ಕಾಲೇಜು. ಅಲ್ಲಿ ಯಾವ ದಿನ ಯಾವ ಹೊತ್ತಿಗೆ ನೋಡ್ತಾರೆ ಅನ್ನೋದನ್ನ ಈಗಲೇ ಕೇಳಿ ಬರೆದಿಟ್ಕೊಳ್ಳಿ, ರಾತ್ರಿ ಹನ್ನೊಂದಕ್ಕೆ ಹುಡುಕೋ ವಿಷಯ ಅಲ್ಲ ಅದು.

ಉಳಿದಿರೋ ಹೆಣ್ಣಿನ ಬಗ್ಗೆ ಒಂದು ಮಾತು. ಗಂಡು ಇಲ್ಲದಿದ್ರೂ ಮೊಟ್ಟೆ ಇಡುತ್ತೆ, ಸುಣ್ಣದಂಶ ಕಮ್ಮಿಯಿದ್ರೆ ಮೊಟ್ಟೆ ಸಿಕ್ಕಿಹಾಕ್ಕೊಳ್ಳುತ್ತೆ, ಹಂಗಾದಾಗ ಪಂಜರದ ತಳದಲ್ಲಿ ಮುದುಡಿ ಕೂತು ತಿಣುಕುತ್ತೆ, ಉಸಿರಿಗೊಂದ್ಸಲ ಬಾಲ ಮೇಲೆ ಕೆಳಗೆ ಆಡುತ್ತೆ. ಅದು ನಾಳೆ ನೋಡೋಣ ಅನ್ನೋ ಕಾಯಿಲೆ ಅಲ್ಲ. ಪಂಜರದಲ್ಲಿ ಕಟಲ್ ಬೋನ್, ಅಂದ್ರೆ ಹಕ್ಕಿ ಕೊಕ್ಕಲ್ಲಿ ಕೆರೆದು ತಿನ್ನೋ ಸುಣ್ಣದಂಶದ ಬಿಲ್ಲೆ, ಯಾವಾಗ್ಲೂ ಇರ್ಲಿ. ಮತ್ತೆ ಗ್ರಾಂ ಲೆಕ್ಕ ತೋರ್ಸೋ ಒಂದು ಅಡುಗೆಮನೆ ತಕ್ಕಡಿ ತಗೊಳ್ಳಿ, ವಾರಕ್ಕೊಂದ್ಸಲ ಬೆಳಿಗ್ಗೆ ಕಾಳು ಹಾಕೋ ಮುಂಚೆ ತೂಗಿ ಕ್ಯಾಲೆಂಡರ್ ಮೇಲೆ ಬರೀರಿ. ಹಕ್ಕಿ ಕಾಯಿಲೆ ಮುಚ್ಚಿಡುತ್ತೆ, ಕಾಡಲ್ಲಿ ಸೊರಗಿದ್ದು ಗೊತ್ತಾದ್ರೆ ಹದ್ದಿನ ಪಾಲು, ಆ ಬುದ್ಧಿ ಪಂಜರದಲ್ಲೂ ಬಿಡಲ್ಲ. ಗರಿ ಉಬ್ಬಿಸ್ಕೊಂಡು ದುಂಡಗೆ ಕಾಣ್ತಾ ಇರುತ್ತೆ, ನಾವು "ಚೆನ್ನಾಗಿ ದಪ್ಪ ಆಗೈತೆ" ಅಂತ ಫೋಟೋ ತೆಗೀತೀವಿ. ತಕ್ಕಡಿಗೆ ಮಾತ್ರ ಅದು ಸುಳ್ಳು ಹೇಳೋಕಾಗಲ್ಲ. ಹತ್ತರಲ್ಲಿ ಒಂದು ಪಾಲು ತೂಕ ಇಳಿದಿದ್ರೆ, ಅಂದ್ರೆ 35 ಇದ್ದದ್ದು 31 ಆಗಿದ್ರೆ, ಅವತ್ತೇ ಹೊರಡಿ.

ಪ್ರಶ್ನೆ: ಪಂಜರ ಅಡುಗೆಮನೆ ಬಾಗಿಲ ಹತ್ರ ಐತೆ, ಎಲ್ಲರ ಕಣ್ಣಿಗೂ ಬೀಳ್ಲಿ ಅಂತ. ಒಗ್ಗರಣೆ ಹೊಗೆಗೆ ಏನಾದ್ರೂ ಆಗುತ್ತಾ?
– ಓದುಗರು, ಕೆ.ಟಿ.ಜೆ. ನಗರ, ದಾವಣಗೆರೆ

ಉತ್ತರ: ಆಗುತ್ತೆ, ಇವತ್ತೇ ಜಾಗ ಬದಲಾಯಿಸಿ. ನನ್ನ ತಪ್ಪಿಂದ ಕಳ್ಕೊಂಡೆ ಅಂದೆನಲ್ಲ, ಅದು ಇದೇ. ಆರೇಳು ವರ್ಷದ ಹಿಂದೆ ಒಲೆ ಮೇಲೆ ಖಾಲಿ ನಾನ್‌ಸ್ಟಿಕ್ ತವ ಇಟ್ಟು ಬಾಗಿಲಿಗೆ ಯಾರೋ ಬಂದ್ರು ಅಂತ ಹೋದೆ, ಮಾತಾಡಿ ಬರೋಷ್ಟರಲ್ಲಿ ನಮ್ಮ ಕಾಕಟೀಲ್ (ಜುಟ್ಟಿರೋ ಸಾಕುಗಿಳಿ) ಕೋಲಿಂದ ಕೆಳಗೆ ಬಿದ್ದು ಬಾಯಿ ಕಳೀತಾ ಇತ್ತು, ಹೊರಗೆ ಎತ್ಕೊಂಡು ಓಡಿದೆ, ಗೇಟಿನ ತನಕ ಬರಲಿಲ್ಲ. ತವದಲ್ಲಿ ಹೊಗೆ ಅಂತಾನೂ ಕಾಣಿಸ್ತಿರಲಿಲ್ಲ. ಆ ಲೇಪನ 260 ಡಿಗ್ರಿ ದಾಟಿ ಕಾದ್ರೆ ಬಿಡೋ ಅನಿಲ ನಮಗೆ ಅಷ್ಟಾಗಿ ಗೊತ್ತಾಗಲ್ಲ, ಹಕ್ಕಿಗೆ ಮಾತ್ರ ನಿಮಿಷದ ಮಾತು. ಹಕ್ಕಿ ಉಸಿರಾಟನೇ ಬೇರೆ, ಶ್ವಾಸಕೋಶದ ಜೊತೆ ಒಂಬತ್ತು ಗಾಳಿಚೀಲ ಇರುತ್ತೆ, ಉಸಿರು ತಗೊಂಡಾಗಲೂ ಬಿಟ್ಟಾಗಲೂ ಹೊಸ ಗಾಳಿ ಶ್ವಾಸಕೋಶದೊಳಗೆ ಹರೀತಾನೇ ಇರುತ್ತೆ, ಗಾಳೀಲಿ ವಿಷ ಇದ್ರೆ ಅದನ್ನೂ ನಮಗಿಂತ ಬೇಗ ಹೀರ್ಕೊಳ್ಳುತ್ತೆ. ಅದಾದ ಮೇಲೆ ನಮ್ಮನೇಲಿ ಕಬ್ಬಿಣದ ಕಾವಲಿ ಒಂದೇ. ದಾವಣಗೆರೇಲಿ ಇದ್ಕೊಂಡು ಬೆಣ್ಣೆ ದೋಸೆಗೆ ನಾನ್‌ಸ್ಟಿಕ್ ಇಟ್ಟಿದ್ದೇ ತಪ್ಪು ಅಂತ ನಮ್ಮಕ್ಕ ಇನ್ನೂ ಬೈತಾಳೆ, ಬೈಲಿ.

ಒಗ್ಗರಣೆ ಮೆಣಸಿನಕಾಯಿ ಘಾಟು, ಸಾಂಬ್ರಾಣಿ, ಕರ್ಪೂರ, ಸೊಳ್ಳೆ ಬತ್ತಿ, ಹೊಸ ಪೇಂಟ್, ಬಾತ್‌ರೂಂ ಆಸಿಡ್ ಎಲ್ಲಾ ಅದೇ ಸಾಲಿಗೆ. ಮಂಡಕ್ಕಿ ಭಟ್ಟಿ ಕಡೆ ಮನೆ ಇರೋರು ಹೊಗೆ ಬರೋ ದಿಕ್ಕಿನ ಕಿಟಕಿಗೆ ಪಂಜರ ಇಡಬೇಡಿ. ಹೊಗೆ ತಗುಲಿದ ಹಕ್ಕಿಗೆ ಮೊದಲ ಔಷಧಿ ಹೊರಗಿನ ಗಾಳಿ, ಪಂಜರ ಸಮೇತ ಹೊರಗೆ, ಆಮೇಲೆ ಡಾಕ್ಟರು.

ಪ್ರಶ್ನೆ: ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು ಹೇಳಂಗಿಲ್ಲ, ಮೇಲಿಂದ ಕರೆಂಟ್ ತೆಗೀತಾರೆ. ನಮ್ದು ಶೀಟ್ ಮನೆ. ಎರಡು ಕಾಕಟೀಲ್ ಅದಾವೆ, ಮಧ್ಯಾಹ್ನ ಬಾಯಿ ತಕ್ಕೊಂಡು ಕೂತಿರ್ತಾವೆ, ರಾತ್ರಿ ಕರೆಂಟ್ ಹೋದ್ರೆ ಪಂಜರದಾಗೆ ಧಡಾರ್ ಧಡಾರ್ ಅಂತ ಬಡ್ಕೊಂತಾವೆ.
– ಓದುಗರು, ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಹಗಲಿಂದು ಬೇರೆ, ರಾತ್ರಿದು ಬೇರೆ. ಹಕ್ಕಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಡೋದು, ರೆಕ್ಕೆ ಮೈಯಿಂದ ದೂರ ಎತ್ತಿ ಹಿಡಿಯೋದು, ಇದು ಸೆಕೆ ತಡೀತಿಲ್ಲ ಅನ್ನೋ ಸೂಚನೆ. ಇಷ್ಟು ಕಂಡ ತಕ್ಷಣ ಮನೇಲಿ ಎಲ್ಲಕ್ಕಿಂತ ತಣ್ಣಗಿರೋ ಜಾಗಕ್ಕೆ ಒಯ್ಯಿರಿ, ಶೀಟ್ ಮನೇಲಿ ಅದು ಸಾಮಾನ್ಯವಾಗಿ ನೆಲ, ಮೇಲೆ ತೂಗುಹಾಕಿದ ಪಂಜರಕ್ಕೆ ಶೀಟಿನ ಕಾವೆಲ್ಲಾ ಬಡಿಯುತ್ತೆ. ಕಾಲಿಗೆ, ರೆಕ್ಕೆ ಕೆಳಗೆ ಸಾಧಾರಣ ನೀರು ಚಿಮುಕಿಸಿ, ಫ್ರಿಜ್ ನೀರು, ಐಸು ಬೇಡ, ಒಮ್ಮೆಗೇ ತಣ್ಣಗಾದ್ರೆ ಅದೇ ಇನ್ನೊಂದು ಹೊಡೆತ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟೋದು ನಿಮಗೆ ನಾನು ಹೇಳಿಕೊಡಬೇಕಿಲ್ಲ, ದುರ್ಗದ ಕಡೆ ಗಾಳಿಗೇನು ಬರ ಇಲ್ಲ, ಗುಡ್ಡದ ಮೇಲೆ ಅಷ್ಟು ಗಾಳಿಯಂತ್ರ ತಿರುಗ್ತಾವೆ, ಆ ಗಾಳಿ ಒದ್ದೆ ಗೋಣಿ ದಾಟಿ ಬರ್ಲಿ. ತೂರಾಡಿದ್ರೆ, ತಳಕ್ಕೆ ಬಿದ್ರೆ ಅದು ಡಾಕ್ಟರ್ ಕೇಸು. ಕುಡಿಯೋ ನೀರು ದಿನಕ್ಕೆರಡು ಸಲ ಬದಲಾಯಿಸಿ, ಮಣ್ಣಿನ ಬಟ್ಟಲು ಇದ್ರೆ ಇನ್ನೂ ಒಳ್ಳೇದು.

ರಾತ್ರಿ ಬಡ್ಕೊಳ್ಳೋದು ಕಾಕಟೀಲ್ ಜಾತಿಗೇ ಇರೋ ರೋಗ, ರೋಗ ಅಲ್ಲ, ಬೆಚ್ಚಿ ಬೀಳೋದು. ಗಾಢ ಕತ್ತಲಲ್ಲಿ ಹಲ್ಲಿ ಸದ್ದಾದ್ರೂ ಸಾಕು, ಕಣ್ಣು ಕಾಣದೆ ಎದ್ದು ಕಂಬಿಗೆ ಹೊಡ್ಕೊಳ್ಳುತ್ತೆ, ಮೇಲೆ ಹೇಳಿದ ರಕ್ತಗರಿ ಮುರಿಯೋದು ಹಿಂಗೇನೇ. ಕರೆಂಟ್ ಹೋದ್ರೂ ಆರದೇ ಇರೋ ಚಿಕ್ಕ ರೀಚಾರ್ಜ್ ದೀಪ ಒಂದನ್ನ ಪಂಜರದಿಂದ ಸ್ವಲ್ಪ ದೂರಕ್ಕೆ ಇಡಿ. ಬಡ್ಕೊಳ್ಳೋಕೆ ಶುರು ಮಾಡಿದಾಗ ಕೈ ಹಾಕ್ಬೇಡಿ, ದೀಪ ಹಚ್ಚಿ ಮೆಲ್ಲಗೆ ಮಾತಾಡಿ, ನಿಮ್ಮ ದನಿ ಕೇಳಿದ್ರೆ ಇಳೀತಾವೆ. ದೀಪಾವಳಿ ಮೂರು ರಾತ್ರೀನೂ ಇದೇ, ಪಂಜರ ಒಳಕೋಣೆಗೆ, ಮೂರು ಕಡೆ ಬಟ್ಟೆ, ಒಂದು ಕಡೆ ಬೆಳಕು.

ಪ್ರಶ್ನೆ: ಬೆಕ್ಕು ಬಾಯಲ್ಲಿ ಹಿಡಿದಿತ್ತು, ಬಿಡಿಸಿದ್ವಿ. ಗಾಯ ಏನೂ ಇಲ್ಲ, ಕಾಳೂ ತಿಂತಿದೆ. ಸುಮ್ನಿರಬಹುದಾ?
– ಓದುಗರು, ಹೊಸದುರ್ಗ

ಉತ್ತರ: ಇಲ್ಲ. ಬೆಕ್ಕಿನ ಬಾಯಲ್ಲಿರೋ ಬ್ಯಾಕ್ಟೀರಿಯಾ ಸೂಜಿಮೊನೆಯಷ್ಟು ತೂತಿದ್ರೂ ರಕ್ತಕ್ಕೆ ಸೇರುತ್ತೆ, ಗರಿ ಕೆಳಗಿನ ಆ ತೂತು ನಿಮಗೆ ಕಾಣಲ್ಲ, ಇವತ್ತು ಕಾಳು ತಿಂದ ಹಕ್ಕಿ ಒಂದೆರಡು ದಿನದಲ್ಲಿ ಸತ್ತಿರುತ್ತೆ. ಅವತ್ತೇ ಡಾಕ್ಟರ್ ಹತ್ರ ಆಂಟಿಬಯಾಟಿಕ್ ಬೀಳಬೇಕು. ಈ ಉತ್ತರ ನಿಮಗೆ ತಡವಾಗಿ ಸಿಕ್ತಿದೆ, ಗೊತ್ತು, ಬೇರೆಯೋರಿಗಾದ್ರೂ ಆಗ್ಲಿ ಅಂತ ಹಾಕ್ತಿದ್ದೀನಿ.

ಪ್ರಶ್ನೆ: ಹಕ್ಕಿಜ್ವರ ಬಂದ್ರೆ ಮನೆ ಹಕ್ಕೀನೂ ಸಾಯಿಸ್ತಾರಂತೆ ಹೌದಾ? ಮನೇಲಿ 14 ಲವ್ ಬರ್ಡ್ಸ್ ಅದಾವೆ, ನಿದ್ದೆ ಬರ್ತಿಲ್ಲ.
– ಓದುಗರು, ಹರಿಹರ

ಉತ್ತರ: ನಿಮ್ಮ ಭಯ ಸುಮ್ನೆ ಅಲ್ಲ, 2020ರ ಮಾರ್ಚಲ್ಲಿ ನಿಮ್ಮ ತಾಲ್ಲೂಕಿನ ಬನ್ನಿಕೋಡಲ್ಲೇ ಕಂಡಿತ್ತು, ಎಲ್ಲಾರ ಬಾಯಲ್ಲೂ ಕೊರೋನಾ ಇದ್ದ ಹೊತ್ತಲ್ಲಿ ಕೋಳಿ ಹೂಳೋ ಸುದ್ದೀನೂ ಬಂತು. ನಿಯಮ ಏನಂದ್ರೆ ರೋಗ ಖಚಿತವಾದ ಜಾಗದ ಸುತ್ತ 1 ಕಿಲೋಮೀಟರ್ ಒಳಗೆ ಸಾಕಿದ ಕೋಳಿಗಳನ್ನ ಕೊಲ್ತಾರೆ, 10 ಕಿಲೋಮೀಟರ್ ತನಕ ನಿಗಾ ಇಡ್ತಾರೆ. ಆ ಒಂದು ಕಿಲೋಮೀಟರ್ ಒಳಗೆ ಬಿದ್ರೆ ಮನೆ ಹಕ್ಕಿಗೂ ಅಪಾಯ ಇದೆ, ಸುಳ್ಳು ಸಮಾಧಾನ ಹೇಳಲ್ಲ. ನಮ್ಮ ಕೈಲಿರೋದು ರೋಗ ಒಳಗೆ ಬರದಂಗೆ ನೋಡ್ಕೊಳ್ಳೋದು. ಪಂಜರ ವರಾಂಡದಲ್ಲಿದ್ರೆ ಒಳಗೆ ತನ್ನಿ, ಕಾಗೆ ಪಾರಿವಾಳದ ಹಿಕ್ಕೆ ಕಾಳಿನ ಬಟ್ಟಲಿಗೆ ಬೀಳದಂಗೆ ಮೇಲೆ ಮುಚ್ಚಿ. ಕೋಳಿ ಅಂಗಡಿಗೋ ಫಾರಂಗೋ ಹೋಗಿ ಬಂದ್ರೆ ಚಪ್ಪಲಿ ಹೊರಗೆ, ಕೈ ಸೋಪಲ್ಲಿ, ಆಮೇಲೆ ಪಂಜರ. ಸಂತೆಯಿಂದ ಹೊಸ ಹಕ್ಕಿ ತಂದ್ರೆ ಒಂದು ತಿಂಗಳು ಬೇರೆ ಕೋಣೇಲಿ ಇಡಿ, 14ರ ಜೊತೆ ಅವತ್ತೇ ಬಿಡೋ ಆಸೆ ಎಲ್ಲರಿಗೂ ಇರುತ್ತೆ, ನನಗೂ ಇತ್ತು. ಕಾಗೆಗಳು ಒಟ್ಟಿಗೆ ಸತ್ತು ಬಿದ್ದಿದ್ರೆ ಮುಟ್ಟಬೇಡಿ, ಪಶುಪಾಲನಾ ಇಲಾಖೆಗೆ ತಿಳಿಸಿ. ಹಕ್ಕಿ ಸಾಯ್ತಿರೋದನ್ನ ಮುಚ್ಚಿಟ್ರೆ ಮನೆ ಮಂದಿಗೂ ಅಂಟಬಹುದು.

ಹರಿಹರದೋರು ಅಂದ್ರೆ ಇನ್ನೊಂದೂ ಕೇಳ್ತೀನಿ, ಹೊಳೆ ಪಕ್ಕದ ಮನೆನಾ? ತುಂಗಭದ್ರೆ ತುಂಬಿದಾಗ ತಗ್ಗಿನ ಮನೆಯೋರನ್ನ ಕಾಳಜಿ ಕೇಂದ್ರಕ್ಕೆ ಕಳಿಸ್ತಾರೆ, 14 ಹಕ್ಕಿಯ ದೊಡ್ಡ ಪಂಜರ ಆವಾಗ ಬಾಗಿಲಲ್ಲೇ ಹಿಡಿಯಲ್ಲ. ಎತ್ಕೊಂಡು ಓಡೋಕೆ ಆಗೋ ಚಿಕ್ಕ ಪಂಜರ ಎರಡು, ಬಾಟಲೀಲಿ ಒಂದು ವಾರದ ನವಣೆ, ಇದಿಷ್ಟು ಮಳೆಗಾಲ ಮುಗಿಯೋ ತನಕ ಬಾಗಿಲ ಹಿಂದೆ ಇರ್ಲಿ. ನವಣೆಗೆ ಹುಳ ಬೀಳುತ್ತೆ, ತಿಂಗಳಿಗೊಂದ್ಸಲ ಬದಲಾಯಿಸಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 71, ಒಬ್ಬನೇ ಇರೋದು. ಆಫ್ರಿಕನ್ ಗ್ರೇ ಗಿಳಿ ಇದೆ, 11 ವರ್ಷದ್ದು. ಹೋದ ತಿಂಗಳು ನನಗೆ ಎದೆನೋವು ಬಂದು ಮೂರು ದಿನ ಆಸ್ಪತ್ರೇಲಿದ್ದೆ. ಪಕ್ಕದ ಮನೆ ಹುಡುಗ ಬೀಗ ಒಡೆದು ನೀರಿಟ್ಟನಂತೆ. ಅದು ನನ್ನ ಹಾಗೇ ಕೆಮ್ಮುತ್ತೆ, ಅವನು ಒಳಗೆ ನಾನೇ ಇದ್ದೀನಿ ಅಂದ್ಕೊಂಡನಂತೆ. ನನಗೇನಾದ್ರೂ ಆದ್ರೆ ಅದರ ಗತಿ ಏನು?
– ಓದುಗರು, ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ

ಉತ್ತರ: ಮೇಷ್ಟ್ರೇ, ನಮಸ್ಕಾರ. ಎಮರ್ಜೆನ್ಸಿ ಅಂದ ಕೂಡ್ಲೇ ನಾವೆಲ್ಲಾ ಹಕ್ಕಿಗೆ ಆಗೋದನ್ನ ಯೋಚಿಸ್ತೀವಿ, ಸಾಕಿದೋರಿಗೆ ಆಗೋದನ್ನ ಬರೆದು ಕೇಳಿದೋರು ನೀವೊಬ್ರೇ. ಬಡ್ಜಿ 5–10 ವರ್ಷ, ಕಾಕಟೀಲ್ 15–20, ನಿಮ್ಮದು ಚೆನ್ನಾಗಿ ನೋಡ್ಕೊಂಡ್ರೆ 40 ದಾಟುತ್ತೆ. ಹಂಗಾಗಿ ಇದು ಒಂದಿನ ಅಲ್ಲ ಒಂದಿನ ಬರೋ ಪ್ರಶ್ನೇನೇ.

ಮೊದಲು ಆ ಹುಡುಗನಿಗೆ ಒಂದು ಬೀಗದ ಕೈ ಕೊಡಿ, ಬೀಗ ಒಡೆದು ನೀರಿಟ್ಟೋನು ಕೊಟ್ಟ ಕೀ ಕಳೆಯಲ್ಲ. ತಿಂಗಳಿಗೆ ಒಂದು ದಿನ ನೀವು ಮನೇಲಿದ್ದಾಗಲೇ ಅವನು ಕಾಳು ನೀರು ಹಾಕ್ಲಿ, ನೀವು ಒಳಕೋಣೇಲಿ ಕೂತಿರಿ. ಗ್ರೇ ಗಿಳಿ ಸೂಕ್ಷ್ಮ, ಗೊತ್ತಿಲ್ಲದ ಕೈ ಕಂಡ್ರೆ ಊಟ ಬಿಟ್ಟು ತನ್ನ ಗರೀನೇ ಕಿತ್ಕೊಳ್ಳುತ್ತೆ, ಅವನ ಕೈ ಈಗಿಂದಲೇ ರೂಢಿಯಾಗ್ಲಿ. ನಿಮ್ಮ ಜೇಬಲ್ಲಿ ಆಧಾರ್ ಜೊತೆ ಒಂದು ಚೀಟಿ, "ಮನೇಲಿ ಹಕ್ಕಿ ಇದೆ, ಈ ನಂಬರಿಗೆ ಹೇಳಿ" ಅಂತ.

ಪಂಜರಕ್ಕೆ ಒಂದು ದೊಡ್ಡ ಹಾಳೆ ಕಟ್ಟಿ. ಎಷ್ಟು ಗ್ರಾಂ ತೂಕ, ಏನು ತಿನ್ನುತ್ತೆ, ಎಷ್ಟೊತ್ತಿಗೆ ಬಟ್ಟೆ ಮುಚ್ಚಬೇಕು, ಯಾವ ಡಾಕ್ಟರ್, ಏನು ಕೊಡಲೇಬಾರದು, ಅಂದ್ರೆ ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ, ಉಪ್ಪು ಖಾರದ ಮಂಡಕ್ಕಿ. ಪ್ರೀತಿಗೆ ಮಿರ್ಚಿ ತುಂಡು ಕೊಡೋ ನೆಂಟರು ನಮ್ಮ ಕಡೆ ಜಾಸ್ತಿ. ಅದೇ ಹಾಳೇಲಿ ದೊಡ್ಡದಾಗಿ ಬರೀರಿ, "ಕೆಮ್ಮಿದ್ರೆ ಗಾಬರಿ ಬೇಡ, ಅದು ಮೇಷ್ಟ್ರ ಕೆಮ್ಮು". ಇಲ್ಲಾಂದ್ರೆ ನೋಡ್ಕೊಳ್ಳೋನು ಪಾಪ ನ್ಯುಮೋನಿಯಾ ಅಂತ ಶಿವಮೊಗ್ಗಕ್ಕೆ ಹೊರಡ್ತಾನೆ. ನಿಜವಾದ ಕಾಯಿಲೆ ಉಸಿರು ಹೆಂಗಿರುತ್ತೆ ಅಂತಾನೂ ಪಕ್ಕದಲ್ಲೇ ಬರೀರಿ, ಬಾಲ ಆಡ್ಸೋದು, ಬಾಯಿ ತೆರೆದೇ ಇರೋದು.

ಕಾಗದಪತ್ರದ ಮಾತೂ ಇದೆ. ಆಫ್ರಿಕನ್ ಗ್ರೇ 2017ರಿಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ) ಒಪ್ಪಂದದ ಮೊದಲನೇ ಪಟ್ಟೀಲಿದೆ, ನಮ್ಮಲ್ಲಿ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು, ಬೇರೆಯೋರಿಗೆ ಕೊಟ್ರೆ ಅದನ್ನೂ ತಿಳಿಸಬೇಕು. ಆಗಿಲ್ಲದಿದ್ರೆ ಅರಣ್ಯ ಇಲಾಖೇಲಿ ಈಗಲೇ ವಿಚಾರಿಸಿ, ಕಾಗದ ಇಲ್ಲದ ಹಕ್ಕೀನ ನಿಮ್ಮ ಆಮೇಲೆ ಯಾರೂ ಧೈರ್ಯವಾಗಿ ಇಟ್ಕೊಳ್ಳಲ್ಲ. ಇದೇ ನೆಪದಲ್ಲಿ ಉಳಿದೋರಿಗೂ ಹೇಳ್ತೀನಿ, ನಮ್ಮ ಹಸಿರು ಗಿಳಿ, ಮುನಿಯಾ ಮನೇಲಿ ಇಡೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, "ಸಾರ್ ಗಿಳೀಗೆ ಏನು ಔಷಧಿ" ಅಂತ ಬಂದಿರೋ ಮೂರು ಪತ್ರಕ್ಕೆ ಇಲ್ಲಿ ಉತ್ತರ ಹಾಕಿಲ್ಲ, ಕಾರಣ ಇದೇ.

ಪ್ರಶ್ನೆ: ಶಿವಮೊಗ್ಗಕ್ಕೆ ಬಸ್ಸಲ್ಲಿ ಹಕ್ಕಿ ಒಯ್ಯಬಹುದಾ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಒಯ್ಯಬಹುದು, ಟಿಕೆಟ್ ತಗೋಬೇಕು. 2024ರಲ್ಲಿ ಬೆಂಗಳೂರಿಂದ ಮೈಸೂರಿಗೆ ಅಜ್ಜಿ ಮೊಮ್ಮಗಳು ಫ್ರೀಯಾಗಿ ಹೋದ್ರು, ಅವರ ಜೊತೆಗಿದ್ದ 4 ಲವ್ ಬರ್ಡ್ಸ್‌ಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ ಆಯ್ತು, ರಾಜ್ಯದ ತುಂಬಾ ನಕ್ಕರು. ಚಿಕ್ಕ ಡಬ್ಬಿ, ಮೇಲೆ ತೆಳ್ಳನೆ ಬಟ್ಟೆ, ನೀರಿನ ಬಟ್ಟಲು ಬೇಡ, ಅದರ ಬದಲು ಒಂದು ಸೌತೆಕಾಯಿ ಹೋಳು. ಡಬ್ಬಿ ತೊಡೆ ಮೇಲೆ ಇರ್ಲಿ, ಇಂಜಿನ್ ಪಕ್ಕದ ಸೀಟು ಬೇಡ, ಡಬ್ಬಿ ಬಾಗಿಲಿಗೆ ಒಂದು ಕಟ್ಟುದಾರ ಕಟ್ಟಿರಿ. ಚಿಲ್ಲರೆ ಇಟ್ಕೊಳ್ಳಿ.